ನೂರು ಬಾಂಬ್ ಇದ್ದೂ ಕೈಕಟ್ಟಿ ಕುಳಿತ ದೇಶ: ಮಡಿಕೇರಿಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಕೊಡಗಿನಲ್ಲಿ ಸೇನೆಯಿಂದ ನಿವೃತ್ತನಾಗಿ ಮನೆಗೆ ಬಂದವನಿಗೆ ಎರಡು ಕೆಲಸ ಕಾದಿರುತ್ತವೆ. ಒಂದು, ಪಾಳುಬಿದ್ದ ತೋಟ. ಇನ್ನೊಂದು, ಸೇನೆಗೆ ಸೇರುವುದು ಹೇಗೆ ಎಂದು ಕೇಳಿಕೊಂಡು ಬರುವ ಊರಿನ ಮಕ್ಕಳು. ನಾನು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಶಸ್ತ್ರಾಸ್ತ್ರ ವಿಭಾಗದಲ್ಲಿದ್ದೆ. ವಿಮಾನ ಹಾರಿಸಿದವನಲ್ಲ. ವಿಮಾನದ ಹೊಟ್ಟೆಗೆ ಬಾಂಬ್ ಕಟ್ಟಿದವನು, ಅದನ್ನು ಸಿಡಿಸುವ ಫ್ಯೂಸ್ ಕೂರಿಸಿದವನು, ಪಿನ್ ಎಳೆದು ಕೈಯಲ್ಲಿ ಹಿಡಿದು ಪೈಲಟ್‌ಗೆ ತೋರಿಸಿದವನು. ತೋಟದ ಕೆಲಸ ನನಗಿಂತ ನನ್ನ ತಮ್ಮನಿಗೆ ಚೆನ್ನಾಗಿ ಬರುತ್ತದೆ. ಹಾಗಾಗಿ ಎರಡನೆಯ ಕೆಲಸವೇ ನನ್ನ ಪಾಲಿಗೆ ಉಳಿಯಿತು.

ಮಡಿಕೇರಿಯ ಅಂಚಿನ ಒಂದು ಹಳೆಯ ಮನೆಯ ಜಗಲಿಯಲ್ಲಿ ಶನಿವಾರಗಳಂದು ಹದಿನೈದು ವಿದ್ಯಾರ್ಥಿಗಳು ಸೇರುತ್ತಿದ್ದರು. ಕೆಲವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಓದುತ್ತಿದ್ದವರು, ಇನ್ನು ಕೆಲವರು ಸುಮ್ಮನೆ ಕುತೂಹಲಕ್ಕೆ ಬಂದವರು. ಜೊತೆಗೆ ಭೂಗೋಳದ ಉಪನ್ಯಾಸಕರೊಬ್ಬರಿದ್ದರು. ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಅಗತ್ಯವೂ ಬೀಳಲಿಲ್ಲ, ಏಕೆಂದರೆ ಆ ಎರಡು ತಿಂಗಳು ಅವರೆಲ್ಲ ತಮ್ಮ ಹೆಸರು ಬಿಟ್ಟು ಹೊಳೆಗಳ ಹೆಸರಿನಲ್ಲಿ ಬದುಕಿದ್ದರು.

ಮಡಿಕೇರಿಯ ಮಕ್ಕಳಿಗೆ ವಾಯುಪಡೆ ಎಂದರೆ ಮೊದಲು ನೆನಪಾಗುವುದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ನಿಧಾನಗತಿಯ ಮಿಸ್ಟೇರ್ ವಿಮಾನದಲ್ಲಿ, ಶಬ್ದಕ್ಕಿಂತ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಅನ್ನು ಉರುಳಿಸಿದವರು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ. ಈ ಕತೆ ಕೇಳಿ ಬೆಳೆದ ಮಕ್ಕಳಿಗೆ ಯುದ್ಧ ಎಂದರೆ ಒಬ್ಬ ಪೈಲಟ್, ಒಂದು ವಿಮಾನ, ಒಂದು ಧೈರ್ಯ. ಅದು ಸುಳ್ಳಲ್ಲ. ಆದರೆ ಬಾಂಬ್ ಕಟ್ಟುವವನಿಗೆ ಯುದ್ಧ ಕಾಣುವುದೇ ಬೇರೆ ಥರ. ಗೋದಾಮಿನಲ್ಲಿ ಏನಿದೆ, ಅದು ಯಾವ ವಿಮಾನಕ್ಕೆ ಹೊಂದುತ್ತದೆ, ಹೊಂದದಿದ್ದರೆ ಯಾರನ್ನು ಕೇಳಬೇಕು, ಅವನು ಕೊಡುತ್ತಾನೆಯೇ ಎಂಬ ಲೆಕ್ಕ ಅದು.

ಆ ಲೆಕ್ಕವನ್ನು ಹೇಳಿಕೊಡಲು ಉಪನ್ಯಾಸಕರೂ ನಾನೂ ಮೇಜಿನ ಮೇಲೆ ಆಡುವ ಒಂದು ಸಮರಾಭ್ಯಾಸ ಕಟ್ಟಿದೆವು. ಅದು ನಾವು ಅಂದುಕೊಂಡಂತೆ ನಡೆಯಲಿಲ್ಲ. ಬರೆದಿಡುತ್ತಿರುವುದು ಅದಕ್ಕಾಗಿಯೇ.

ಐದು ಹೊಳೆಗಳು, ಏಳುನೂರು ಬೀಜ

ಐದು ಮಿತ್ರರಾಷ್ಟ್ರಗಳು: ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ, ಪಯಸ್ವಿನಿ, ಬರಪೊಳೆ. ಪ್ರತಿ ದೇಶಕ್ಕೆ ಮೂವರು ವಿದ್ಯಾರ್ಥಿಗಳು. ಹಣದ ಬದಲು ಕಾಫಿ ಬೀಜ. ಕಾವೇರಿ ದೊಡ್ಡ ದೇಶ, ಅದಕ್ಕೆ ಮುನ್ನೂರು. ಉಳಿದವರಿಗೆ ನೂರು ನೂರು. ರಟ್ಟಿನ ಮೇಲೆ ದರಪಟ್ಟಿ ಬರೆದು ಗೋಡೆಗೆ ಒರಗಿಸಿದೆವು. ಗುರಿ ಹುಡುಕಲಾರದ ಸಾದಾ ಬಾಂಬ್ ಒಂದು ಬೀಜ. ಅದರ ಮೂತಿಗೂ ಬಾಲಕ್ಕೂ ಜೋಡಿಸುವ ಲೇಸರ್ ಕಿಟ್ ನಾಲ್ಕು. ಉಪಗ್ರಹದ ಸಂಕೇತ ಹಿಡಿದು ಹೋಗುವ ಬಾಲದ ಕಿಟ್ ಐದು. ಗುರಿಯ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡು ಕ್ಯಾಮೆರಾದಿಂದ ಹೋಲಿಸಿ ನೋಡುವ ಕಿಟ್ ಹನ್ನೆರಡು. ವಿಮಾನದ ಕೆಳಗೆ ಕಟ್ಟಿ ಗುರಿಯ ಮೇಲೆ ಲೇಸರ್ ಬೆಳಕು ಚೆಲ್ಲುವ ಪಾಡ್ ಇಪ್ಪತ್ತು. ಹೊಸ ವಿಮಾನದ ದಳ ಅರವತ್ತು. ಕೊನೆಯಲ್ಲಿ ಒಂದು ಸಾಲು: ಯಾವುದೇ ಹೊಸ ಬಾಂಬನ್ನು ಯಾವುದೇ ವಿಮಾನಕ್ಕೆ ಹೊಂದಿಸಿ ಪರೀಕ್ಷಿಸಿ ಅನುಮತಿ ಪಡೆಯಲು ಹತ್ತು ಬೀಜ.

ಆ ಕೊನೆಯ ಸಾಲನ್ನು ಯಾರೂ ಗಂಭೀರವಾಗಿ ಓದಲಿಲ್ಲ. ನಾನು ಅದನ್ನು ಬೇಕೆಂದೇ ಸಣ್ಣ ಅಕ್ಷರದಲ್ಲಿ ಬರೆದಿದ್ದೆ ಎಂದು ಆಮೇಲೆ ಆರೋಪ ಬಂತು. ಒಪ್ಪುತ್ತೇನೆ.

ಖರೀದಿಗೆ ಅರ್ಧ ಗಂಟೆ ಕೊಟ್ಟೆವು. ಒಬ್ಬರು ಇನ್ನೊಬ್ಬರನ್ನು ಕೇಳಬಾರದು ಎಂಬ ನಿಯಮವೇನೂ ಇರಲಿಲ್ಲ. ಆದರೂ ಯಾರೂ ಕೇಳಲಿಲ್ಲ. ಐದು ತಂಡಗಳೂ ಜಗಲಿಯ ಐದು ಮೂಲೆ ಹಿಡಿದು, ಬೆನ್ನು ತಿರುಗಿಸಿ, ಬೀಜ ಎಣಿಸಿದವು.

ಹಾರಂಗಿ ಒಂದು ಪಾಡ್ ಕೊಂಡು, ಅನುಮತಿಗೆ ಹತ್ತು ತೆತ್ತು, ಉಳಿದದ್ದರಲ್ಲಿ ಹದಿನಾಲ್ಕು ಲೇಸರ್ ಬಾಂಬ್ ಮಾಡಿಕೊಂಡಿತು. ಲಕ್ಷ್ಮಣತೀರ್ಥದ ಹುಡುಗರು ಮೊದಲ ನಿಮಿಷದಲ್ಲೇ ಅರವತ್ತು ಬೀಜ ಸುರಿದು ಹೊಸ ವಿಮಾನ ತಂದರು. ಅನುಮತಿ ಕಳೆದು ಕೈಯಲ್ಲಿ ಉಳಿದದ್ದು ಐದು ಉಪಗ್ರಹ ಬಾಂಬಿಗೆ ಸಾಕಾಗುವಷ್ಟು. ಬರಪೊಳೆ ಚಿತ್ರ ಹೋಲಿಸುವ ಬಾಂಬ್ ಆರು ಕೊಂಡು ಹನ್ನೆರಡು ಬೀಜ ಜೇಬಿಗಿಳಿಸಿತು. ಕಾವೇರಿ ಎಲ್ಲವನ್ನೂ ಕೊಂಡಿತು: ಎರಡು ಪಾಡ್, ಇಪ್ಪತ್ತು ಲೇಸರ್, ಇಪ್ಪತ್ತು ಉಪಗ್ರಹ, ಮಿಕ್ಕಿದ್ದರಲ್ಲಿ ಒಂದು ಇಂಧನ ತುಂಬುವ ವಿಮಾನ. ಪಯಸ್ವಿನಿಯ ಹುಡುಗಿಯರು ಬಹಳ ಹೊತ್ತು ಗುಸುಗುಸು ಮಾತನಾಡಿ ನೂರು ಬೀಜಕ್ಕೆ ನೂರು ಸಾದಾ ಬಾಂಬ್ ಕೊಂಡರು. ಲೆಕ್ಕ ಸರಿಯಾಗಿಯೇ ಇತ್ತು. ಸಂಖ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ.

ಸಮಸ್ಯೆ

ಆರು ಸುತ್ತು, ಸುತ್ತಿಗೆ ನಾಲ್ಕು ಗುರಿ. ಒಂದೇ ಕಟ್ಟುಪಾಡು: ಊರಿಗೆ ಐನೂರು ಮೀಟರ್ ಒಳಗಿರುವ ಗುರಿಯ ಮೇಲೆ ಸಾದಾ ಬಾಂಬ್ ಹಾಕುವಂತಿಲ್ಲ. ನಾವು ಕೊಟ್ಟ ಗುರಿಗಳೆಲ್ಲ ಊರಿನ ಮಗ್ಗುಲಲ್ಲೇ ಇದ್ದವು. ಹೀಗಾಗಿ ಪಯಸ್ವಿನಿ ಮೊದಲ ಸುತ್ತಿನಿಂದಲೇ ನೂರು ಬಾಂಬ್ ಇಟ್ಟುಕೊಂಡು ಕೈಕಟ್ಟಿ ಕುಳಿತಿತು.

ಇದು ನಾವು ಕಲ್ಪಿಸಿದ ಕ್ರೌರ್ಯವಲ್ಲ. ವಿಯೆಟ್ನಾಂನ ಥಾನ್ ಹೋವಾ ಸೇತುವೆಯನ್ನು ಉರುಳಿಸಲು ಅಮೆರಿಕದವರು 1965ರಿಂದ ನೂರಾರು ಬಾರಿ ಹಾರಿದರು, ವಿಮಾನಗಳನ್ನೂ ಪೈಲಟ್‌ಗಳನ್ನೂ ಕಳೆದುಕೊಂಡರು, ಸೇತುವೆ ನಿಂತೇ ಇತ್ತು. ಅದು ಮುರಿದದ್ದು 1972ರ ಮೇ ತಿಂಗಳಲ್ಲಿ, ಪೇವ್‌ವೇ ಎಂಬ ಲೇಸರ್ ಬಾಂಬ್ ಕೈಗೆ ಬಂದ ಮೇಲೆ. ಆಮೇಲೆ ಎಲ್ಲರಿಗೂ ಗುರಿ ತಪ್ಪದ ಬಾಂಬ್ ಬೇಕಾಯಿತು, ಆದರೆ ಎಲ್ಲರೂ ಸಾಕಷ್ಟು ಕೊಳ್ಳಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಕೂಡ ಹಾಕಿದ ಬಾಂಬುಗಳಲ್ಲಿ ಹತ್ತರಲ್ಲಿ ಒಂದರಷ್ಟೂ ಈ ಜಾತಿಯವಾಗಿರಲಿಲ್ಲ. ಟಿವಿಯಲ್ಲಿ ತೋರಿಸಿದ್ದು ಮಾತ್ರ ಅವನ್ನೇ.

ಮೊದಲ ಸುತ್ತಿನಲ್ಲಿ ನಾಲ್ಕಕ್ಕೆ ನಾಲ್ಕು, ಎರಡರಲ್ಲಿ ಮೂರು, ಮೂರರಲ್ಲಿ ಮೂರು. ಜಗಲಿಯಲ್ಲಿ ಹಬ್ಬದ ಗಲಾಟೆ. ಈ ಗಲಾಟೆಯ ನಡುವೆ ಒಂದು ತಪ್ಪು ನಡೆದುಹೋಗಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ಆಕಾಶ ತಿಳಿಯಾಗಿದ್ದಾಗ ಕಾವೇರಿ ತನ್ನ ಉಪಗ್ರಹ ಬಾಂಬುಗಳಲ್ಲಿ ಹದಿನಾಲ್ಕನ್ನು ಖರ್ಚು ಮಾಡಿತ್ತು. ಲೇಸರ್ ಸಾಕಾಗುತ್ತಿದ್ದ ಕಡೆ, ಮೋಡವಿದ್ದರೂ ಗುರಿ ಮುಟ್ಟಬಲ್ಲ ಉಪಗ್ರಹ ಬಾಂಬನ್ನು ಹಾಕಿದ್ದರು. ಏಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರ: “ಅದು ಸುಲಭ ಸರ್. ಹಾಕಿ ತಿರುಗಿ ಬರಬಹುದು. ಲೇಸರ್ ಆದರೆ ಬೀಳುವವರೆಗೆ ಬೆಳಕು ಹಿಡಿದುಕೊಂಡೇ ಇರಬೇಕು.” ನಿಜ. ಮನೆಯಲ್ಲಿ ಟಾರ್ಚ್ ಇದ್ದರೂ ಮೊಬೈಲ್ ಬೆಳಕಿನಲ್ಲೇ ಓಡಾಡಿ, ಅಗತ್ಯದ ಹೊತ್ತಿಗೆ ಅದರ ಚಾರ್ಜ್ ಮುಗಿಸಿಕೊಳ್ಳುತ್ತೇವಲ್ಲ, ಹಾಗೆ.

ಲಕ್ಷ್ಮಣತೀರ್ಥದ ಐದು ಬಾಂಬ್ ಮೂರನೆಯ ಸುತ್ತಿಗೆ ಮುಗಿದವು. ಹೊಸ ವಿಮಾನ ಹೊಳೆಯುತ್ತ ನಿಂತಿತ್ತು.

ಮಂಜು ಇಳಿದ ಮಧ್ಯಾಹ್ನ

ನಾಲ್ಕನೆಯ ಸುತ್ತಿಗೆ ನಾನು “ಮೋಡ ಕವಿದಿದೆ” ಎಂದು ಘೋಷಿಸಿದೆ. ಹಾರಂಗಿಯ ಒಬ್ಬ ಹುಡುಗ ಎದ್ದು ನಿಂತ. ಲೇಸರ್ ಎಂದರೆ ಸಾಮಾನ್ಯ ಬೆಳಕಲ್ಲ, ಅದು ಮೋಡವನ್ನು ಸೀಳಿಕೊಂಡು ಹೋಗುತ್ತದೆ, ನೀವು ಸುಮ್ಮನೆ ನಮ್ಮನ್ನು ಸೋಲಿಸಲು ಹೀಗೆ ಹೇಳುತ್ತಿದ್ದೀರಿ ಎಂದ. ಅವನ ಧ್ವನಿಯಲ್ಲಿ ನಿಜವಾದ ಸಿಟ್ಟಿತ್ತು.

ಜುಲೈ ತಿಂಗಳ ಮಡಿಕೇರಿಯಲ್ಲಿ ಈ ವಾದವನ್ನು ಪುಸ್ತಕ ತೆಗೆದು ಬಗೆಹರಿಸಬೇಕಾಗಿಲ್ಲ. ಹೊರಗೆ ಮಂಜು ಆಗಲೇ ಅಂಗಳಕ್ಕೆ ಇಳಿದಿತ್ತು. ಉಪನ್ಯಾಸಕರ ಬಳಿ ಪಾಠಕ್ಕೆ ಬಳಸುವ ಕೆಂಪು ಲೇಸರ್ ಕಡ್ಡಿ ಇತ್ತು. ಅಂಗಳದಾಚೆ, ಕಾಫಿ ಒಣಗಿಸುವ ಕಣದ ತುದಿಯಲ್ಲಿ ಸುಣ್ಣ ಬಳಿದ ನೀರಿನ ತೊಟ್ಟಿ. ಹುಡುಗನ ಕೈಗೇ ಕಡ್ಡಿ ಕೊಟ್ಟು ತೊಟ್ಟಿಯ ಮೇಲೆ ಚುಕ್ಕಿ ಇಡು ಎಂದೆವು. ಮೊದಲು ಮಸುಕಾಗಿ ಕಂಡಿತು. ಒಂದು ದಟ್ಟ ಪದರ ಹಾದುಬಂದಾಗ ಕೆಂಪು ದಾರವೊಂದು ಗಾಳಿಯಲ್ಲಿ ತೂಗುತ್ತಿರುವಂತೆ ಬೆಳಕಿನ ಗೆರೆ ಕಂಡಿತು. ಚುಕ್ಕಿ ಮಾತ್ರ ಎಲ್ಲೂ ಇರಲಿಲ್ಲ. ಬೆಳಕು ತೊಟ್ಟಿಯನ್ನು ಮುಟ್ಟುವ ಮೊದಲೇ ಹನಿಹನಿಗೂ ಹಂಚಿಹೋಗಿತ್ತು.

ಬಾಂಬಿನ ಮೂತಿಯಲ್ಲಿರುವ ಕಣ್ಣು ಹುಡುಕುವುದು ಆ ಚುಕ್ಕಿಯನ್ನೇ. ಲೇಸರ್ ಬಾಂಬಿಗೆ ಎಂಜಿನ್ ಇಲ್ಲ, ನಕ್ಷೆ ಇಲ್ಲ, ನೆನಪಿಲ್ಲ. ಯಾರೋ ಗುರಿಯ ಮೇಲೆ ಚೆಲ್ಲಿದ ಬೆಳಕು ಪ್ರತಿಫಲಿಸಿ ಬಂದರೆ ಅದರತ್ತ ರೆಕ್ಕೆ ತಿರುಗಿಸುತ್ತದೆ, ಬಾರದಿದ್ದರೆ ಕಲ್ಲಿನಂತೆ ಬೀಳುತ್ತದೆ. 1999ರಲ್ಲಿ ಮಾರ್ಚ್ 24ರಿಂದ ಜೂನ್ 10ರವರೆಗೆ, ಎಪ್ಪತ್ತೆಂಟು ದಿನ, ನ್ಯಾಟೊ ಪಡೆಗಳು ಯುಗೊಸ್ಲಾವಿಯದ ಮೇಲೆ ದಾಳಿ ನಡೆಸಿದಾಗ ಆದದ್ದು ಇದೇ. ಬಾಲ್ಕನ್ ಬೆಟ್ಟಗಳ ಮೇಲೆ ಮೋಡ ಕೂತು, ಲೇಸರನ್ನೇ ನಂಬಿದ್ದ ಯುರೋಪಿನ ವಿಮಾನಗಳು ಎಷ್ಟೋ ದಿನ ಬಾಂಬುಗಳನ್ನು ಹೊತ್ತುಕೊಂಡೇ ಹಿಂದಿರುಗಿದವು. ಆಗ ಮೋಡದ ಮೇಲಿನಿಂದ ಹಾಕಬಲ್ಲವರೆಂದರೆ ಮುಖ್ಯವಾಗಿ ಅಮೆರಿಕದವರು. ಜೆಡ್ಯಾಮ್ ಎಂಬ ಉಪಗ್ರಹ ಕಿಟ್ ಯುದ್ಧದಲ್ಲಿ ಮೊದಲು ಬಳಕೆಯಾದದ್ದು ಅದೇ ವರ್ಷ, ಮಿಸ್ಸೂರಿಯಿಂದ ಹಾರಿ ಬಂದು ಹಿಂದಿರುಗುತ್ತಿದ್ದ ಬಿ-2 ವಿಮಾನಗಳಿಂದ. ಆ ಪಾಠದ ನಂತರವೇ ಬ್ರಿಟನ್ ಲೇಸರ್ ಮತ್ತು ಉಪಗ್ರಹ ಎರಡನ್ನೂ ಒಂದೇ ಬಾಂಬಿನಲ್ಲಿ ಸೇರಿಸಿಕೊಂಡಿತು.

ಹುಡುಗ ಕಡ್ಡಿಯನ್ನು ಹಿಂದಕ್ಕೆ ಕೊಟ್ಟು ಒಳಗೆ ಬಂದು ಕುಳಿತ. ಮುಂದೆ ನಾನು ಮೋಡ ಎಂದಾಗ ಯಾರೂ ತಕರಾರು ತೆಗೆಯಲಿಲ್ಲ. ಈ ಅಭ್ಯಾಸವನ್ನು ಬೇರೆಯವರು ನಡೆಸುವುದಿದ್ದರೆ ಮಳೆಗಾಲದಲ್ಲೇ ನಡೆಸಿ ಎನ್ನುತ್ತೇನೆ.

ಆ ಸುತ್ತಿನಲ್ಲಿ ಮೋಡ ದಾಟಬಲ್ಲ ಬಾಂಬ್ ಇದ್ದದ್ದು ಕಾವೇರಿಯ ಬಳಿ ಮಾತ್ರ, ಅದೂ ಆರು. ಎರಡು ಹಾಕಿ ಒಂದು ಗುರಿ ಹೊಡೆದರು. ಇನ್ನು ನಾಲ್ಕನ್ನು ಕೊಡಲು ಒಪ್ಪಲಿಲ್ಲ. “ನಾಳೆ ನಮ್ಮ ಗಡಿಯಲ್ಲೇ ಏನಾದರೂ ಆದರೆ?” ಎಂದು ಕೇಳಿದರು. ಅದನ್ನು ಸ್ವಾರ್ಥವೆಂದು ತಳ್ಳಿಹಾಕಲಾಗದು. ಎಲ್ಲ ದೇಶದ ರಕ್ಷಣಾ ಸಚಿವಾಲಯಗಳೂ ಕೇಳಿಕೊಳ್ಳುವ ಪ್ರಶ್ನೆಯೇ ಅದು.

ಏನೇನು ಪ್ರಯತ್ನಿಸಿದರು

ಮೊದಲ ಬಾರಿಗೆ ತಂಡಗಳು ತಮ್ಮ ಮೂಲೆ ಬಿಟ್ಟು ಎದ್ದವು. ಪಯಸ್ವಿನಿಯ ನಾಯಕಿ ಕಾವೇರಿಯ ಮೇಜಿಗೆ ಹೋಗಿ ಹೇಳಿದ ಮಾತು ಇಡೀ ಅಭ್ಯಾಸದ ಅತಿ ಜಾಣ ಮಾತಾಗಿತ್ತು: “ನಿಮ್ಮ ಉಪಗ್ರಹ ಬಾಂಬಿನೊಳಗೆ ಇರುವುದೂ ನಮ್ಮ ಸಾದಾ ಬಾಂಬೇ ತಾನೆ? ನಮ್ಮಲ್ಲಿ ನೂರು ಒಡಲಿದೆ. ಬಾಲ ಮಾತ್ರ ಕೊಡಿ.”

ಸರಿಯಾದ ಮಾತು. ಈ ಕಿಟ್‌ಗಳ ಹುಟ್ಟೇ ಹಾಗೆ: ಗೋದಾಮಿನಲ್ಲಿ ರಾಶಿ ಬಿದ್ದಿರುವ ಹಳೆಯ ಬಾಂಬುಗಳಿಗೆ ಕಣ್ಣು ಹಚ್ಚುವುದು. ಆದರೆ ನಾನು ಇಲ್ಲ ಎನ್ನಬೇಕಾಯಿತು. ಉಪಗ್ರಹ ಬಾಂಬಿಗೆ ಎಲ್ಲಿಗೆ ಹೋಗಬೇಕು ಎಂಬ ನಿರ್ದೇಶಾಂಕವನ್ನು ವಿಮಾನ ಹೇಳಿಕೊಡಬೇಕು. ಅದಕ್ಕೆ ತಂತಿ ಬೇಕು, ಬಾಂಬ್ ನೇತುಹಾಕುವ ಪೈಲಾನ್‌ನಲ್ಲಿ ಸರಿಯಾದ ಕೂಡುಕೊಂಡಿ ಬೇಕು, ಕಂಪ್ಯೂಟರಿನಲ್ಲಿ ಆ ಬಾಂಬಿನ ಹೆಸರಿರಬೇಕು. ಪಯಸ್ವಿನಿಯ ಹಳೆಯ ವಿಮಾನಕ್ಕೆ ಇದಾವುದೂ ಇರಲಿಲ್ಲ.

ಬರಪೊಳೆಯವರ ಕತೆ ಇನ್ನೂ ಕೆಳಮಟ್ಟದ್ದು, ಅಂದರೆ ಅಕ್ಷರಶಃ ವಿಮಾನದ ಕೆಳಗಿನದು. ಅವರದು ಬೇರೆ ಮೂಲದ ವಿಮಾನ ಎಂದು ನಾವು ಗೊತ್ತುಮಾಡಿದ್ದೆವು. ಬಾಂಬಿನ ಬೆನ್ನ ಮೇಲೆ ಎರಡು ಕೊಂಡಿಗಳಿರುತ್ತವೆ, ನಾವು ಲಗ್ ಎನ್ನುತ್ತೇವೆ. ನ್ಯಾಟೊ ಪದ್ಧತಿಯಲ್ಲಿ ಮಧ್ಯಮ ತೂಕದ ಬಾಂಬಿಗೆ ಅವುಗಳ ನಡುವಿನ ಅಂತರ 14 ಇಂಚು, ಭಾರಿ ಬಾಂಬಿಗೆ 30 ಇಂಚು. ಸೋವಿಯತ್ ಪದ್ಧತಿಯಲ್ಲಿ 250 ಮಿಲಿಮೀಟರ್. ಒಂದು ಗೇಣಿನಷ್ಟೂ ಇಲ್ಲದ ಈ ವ್ಯತ್ಯಾಸಕ್ಕೆ ರಾಜತಾಂತ್ರಿಕ ಒಪ್ಪಂದಗಳು ಗೊತ್ತಾಗುವುದಿಲ್ಲ. ಉಕ್ರೇನಿನ ಮಿಗ್-29ಕ್ಕೆ 2023ರಲ್ಲಿ ಜೆಡ್ಯಾಮ್ ಕಟ್ಟಲು ಅದಕ್ಕೆಂದೇ ಬೇರೆ ಪೈಲಾನ್ ಮಾಡಬೇಕಾಯಿತು.

ಇದನ್ನು ಕೊಡಗಿನ ಮಕ್ಕಳಿಗೆ ವಿವರಿಸುವುದು ಕಷ್ಟವಾಗಲಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋದವರೇ ಅರ್ಧ ಜನ. ಪಕ್ಕದ ಮನೆಯವನು ಎಷ್ಟೇ ಆಪ್ತನಾದರೂ ಅವನ 12 ಬೋರ್ ತೋಟಾ ನಿನ್ನ ಪಾಯಿಂಟ್ 22 ರೈಫಲ್ಲಿಗೆ ಹೋಗದು ಎಂದೆ. ಅವರು ನಕ್ಕರು. ಅಜ್ಜನ ಕೇಪಿನ ಕೋವಿಗೆ ಎರಡೂ ಆಗುವುದಿಲ್ಲ ಎಂದು ಒಬ್ಬಳು ಸೇರಿಸಿದಳು.

ಹಾಗಾದರೆ ಲೇಸರ್ ಕಿಟ್ ಕೊಡಿ ಎಂದಳು ಪಯಸ್ವಿನಿಯ ನಾಯಕಿ. ಅದಕ್ಕೂ ತಂತಿ ಬೇಕೇ?

ಇಲ್ಲಿ ನನಗೆ ನಿಜಕ್ಕೂ ಸಂತೋಷವಾಯಿತು. ಬೇಡ. ಪೇವ್‌ವೇ ಬಾಂಬಿನ ಸೊಗಸೇ ಅದು. ಅದಕ್ಕೆ ವಿಮಾನದೊಂದಿಗೆ ಮಾತುಕತೆಯ ಅಗತ್ಯವಿಲ್ಲ, ಬೆಳಕು ಕಂಡರೆ ಸಾಕು. ಬೆಳಕನ್ನು ಬೇರೆಯವರು ಹಿಡಿಯಬಹುದು. ಹಾರಂಗಿ ಮತ್ತು ಪಯಸ್ವಿನಿಯದು ಒಂದೇ ಜಾತಿಯ ಹಳೆಯ ವಿಮಾನ, ಹಾರಂಗಿ ಪಡೆದ ಅನುಮತಿ ಪಯಸ್ವಿನಿಗೂ ನಡೆಯುತ್ತದೆ ಎಂದು ತೀರ್ಪು ಕೊಟ್ಟೆ. ಕಾವೇರಿ ಎಂಟು ಲೇಸರ್ ಕಿಟ್ ಕೊಟ್ಟಿತು. ಪಯಸ್ವಿನಿ ಹೊತ್ತೊಯ್ಯುವುದು, ಹಾರಂಗಿ ಬೆಳಕು ಹಿಡಿಯುವುದು. 1991ರಲ್ಲಿ ಬ್ರಿಟನ್ ಮಾಡಿದ್ದೂ ಇದನ್ನೇ. ಹೊಸ ಟೊರ್ನಾಡೊಗಳಿಗೆ ಬೆಳಕು ಹಿಡಿಯಲು 1960ರ ದಶಕದ ಬುಕನೀರ್ ವಿಮಾನಗಳನ್ನು ಕೊಲ್ಲಿಗೆ ಕರೆಸಿಕೊಂಡರು. ಹಳೆಯ ವಿಮಾನಕ್ಕೆ ಪಾಡ್ ಇತ್ತು, ಹೊಸದಕ್ಕೆ ಆಗ ಸಾಕಷ್ಟು ಇರಲಿಲ್ಲ.

ಐದನೆಯ ಸುತ್ತು. ಆಕಾಶ ತಿಳಿ. ನಾಲ್ಕೂ ಗುರಿಗಳನ್ನು ಈ ಹೊಸ ಜೋಡಿಗೇ ಒಪ್ಪಿಸಿದರು. ನಾನು ಎರಡೂ ತಂಡಗಳಿಗೆ ಒಂದೊಂದು ಚೀಟಿ ಕೊಟ್ಟು ಹೇಳಿದೆ, “ನಿಮ್ಮ ಕೋಡ್ ಬರೆಯಿರಿ.” ಅವರು ಮುಖ ಮುಖ ನೋಡಿಕೊಂಡರು.

ಯುದ್ಧಭೂಮಿಯಲ್ಲಿ ಹತ್ತು ಕಡೆ ಲೇಸರ್ ಹೊಳೆಯುತ್ತಿದ್ದರೆ ಬಾಂಬಿಗೆ ತನ್ನ ಬೆಳಕು ಯಾವುದೆಂದು ಹೇಗೆ ತಿಳಿಯಬೇಕು? ಲೇಸರ್ ಮಿಡಿಯುವ ಲಯಕ್ಕೆ ಒಂದು ಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯನ್ನು ಬಾಂಬಿನಲ್ಲೂ ಇಡಬೇಕು. ಪೇವ್‌ವೇಯಲ್ಲಿ ಅದನ್ನು ಇಡುವುದು ಪೈಲಟ್ ಅಲ್ಲ, ನೆಲದ ಮೇಲೆ ನಿಂತಿರುವ ನನ್ನಂಥವನು, ಹಾರುವ ಮೊದಲು, ಕೈಯಿಂದ. ಒಮ್ಮೆ ಹಾರಿದ ಮೇಲೆ ಬದಲಿಸಲಾಗದು. ಹಾರಂಗಿ ಒಂದು ಸಂಖ್ಯೆ ಬರೆದಿತ್ತು, ಪಯಸ್ವಿನಿ ಇನ್ನೊಂದು. ನಾಲ್ಕು ಬಾಂಬೂ ಕುರುಡಾಗಿ ಬಿದ್ದವು ಎಂದು ಹಲಗೆಯ ಮೇಲೆ ಸೊನ್ನೆ ಬರೆದೆ.

ಪಯಸ್ವಿನಿಯ ನಾಯಕಿ ಅತ್ತುಬಿಟ್ಟಳು. ಉಪನ್ಯಾಸಕರು ನನ್ನತ್ತ ಕಣ್ಣು ಬಿಟ್ಟರು. ಬೆಲ್ಲದ ಕಾಫಿ ತರಿಸಿ ಹತ್ತು ನಿಮಿಷ ಬಿಡುವು ಕೊಟ್ಟೆವು. ಆರನೆಯ ಸುತ್ತಿನಲ್ಲಿ ಚೀಟಿ ಕೇಳುವ ಮೊದಲೇ ಎರಡು ತಂಡಗಳೂ ಒಟ್ಟಿಗೆ ಬಂದು ಸಂಖ್ಯೆಯನ್ನು ಕೂಗಿ ಹೇಳಿದವು. ನಾಲ್ಕರಲ್ಲಿ ಮೂರು ಗುರಿ. ಒಟ್ಟು ಇಪ್ಪತ್ತನಾಲ್ಕಕ್ಕೆ ಹದಿನಾಲ್ಕು. ಪಯಸ್ವಿನಿಯ ತೊಂಬತ್ತೆರಡು ಬಾಂಬುಗಳು ಹಾಗೇ ಉಳಿದವು.

ನಡುವಿನ ತಿಂಗಳು

ಎರಡನೆಯ ಬಾರಿ ಅಭ್ಯಾಸ ನಡೆಸುವ ಮೊದಲು ಒಂದು ತಿಂಗಳು ನಿಜವಾದ ಪ್ರಕರಣಗಳನ್ನು ಓದಿದೆವು. ಅವುಗಳಲ್ಲಿ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಲಿಬಿಯಾದ ಗಡಾಫಿ ಸರ್ಕಾರದ ಮೇಲೆ ನ್ಯಾಟೊ ನಡೆಸಿದ ವಾಯುದಾಳಿ.

2011ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬ್ರಸೆಲ್ಸ್‌ನಲ್ಲಿ ಮಾಡಿದ ಭಾಷಣದಲ್ಲಿ ಮಿತ್ರರಾಷ್ಟ್ರಗಳನ್ನು ಬೈದರು: ದುರ್ಬಲ ಎದುರಾಳಿಯೊಬ್ಬನ ವಿರುದ್ಧ ಹನ್ನೊಂದು ವಾರ ಕಳೆಯುವಷ್ಟರಲ್ಲೇ ನಿಮ್ಮಲ್ಲಿ ಹಲವರ ಬಾಂಬ್ ಮುಗಿಯುತ್ತ ಬಂದಿದೆ, ಕೊರತೆ ತುಂಬುವುದು ಮತ್ತೆ ನಾವೇ ಎಂಬುದು ಅದರ ಸಾರ. ಬಾಂಬ್ ಮುಗಿಸಿಕೊಂಡವರು ದುಡಿಯದವರಾಗಿರಲಿಲ್ಲ ಎಂಬುದು ವಿಚಿತ್ರ. ಡೆನ್ಮಾರ್ಕ್ ಕಳಿಸಿದ್ದು ಆರು ಎಫ್-16, ಹಾಕಿದ್ದು 900ಕ್ಕೂ ಹೆಚ್ಚು ಬಾಂಬ್. ನಾರ್ವೆ ಕೂಡ ಆರು ವಿಮಾನಗಳಿಂದ 580ರಷ್ಟು ಹಾಕಿ ಜುಲೈ ಕೊನೆಗೆ ಮನೆಗೆ ಮರಳಿತು. ಬಾಂಬ್ ಖಾಲಿಯಾದದ್ದು ಕೆಲಸ ಮಾಡಿದವರದೇ.

ಡೆನ್ಮಾರ್ಕ್ ಕೈಚಾಚಿದ್ದು ನೆದರ್ಲೆಂಡ್ಸ್ ಕಡೆಗೆ. ಡಚ್ಚರೂ ಲಿಬಿಯಾದ ಆಕಾಶದಲ್ಲಿದ್ದರು, ಆದರೆ ನೆಲದ ಮೇಲೆ ಬಾಂಬ್ ಹಾಕಬಾರದೆಂಬುದು ಅವರ ಸರ್ಕಾರದ ತೀರ್ಮಾನ. ಹಾಗಾಗಿ ಅವರ ದಾಸ್ತಾನು ಕರಗಿರಲಿಲ್ಲ. ಅವರದೂ ಎಫ್-16, ಇವರದೂ ಎಫ್-16. ಬೆಲ್ಜಿಯಂ, ಡೆನ್ಮಾರ್ಕ್, ನೆದರ್ಲೆಂಡ್ಸ್, ನಾರ್ವೆ ನಾಲ್ಕೂ ಸೇರಿ 1975ರಲ್ಲಿ 348 ಎಫ್-16 ಕೊಳ್ಳಲು ಒಪ್ಪಿದ್ದವು. ಮೂವತ್ತಾರು ವರ್ಷಗಳ ಹಿಂದೆ ಒಟ್ಟಿಗೆ ಕೂತು ಮಾಡಿದ ಆಯ್ಕೆ ಆ ಬೇಸಿಗೆಯಲ್ಲಿ ಸಾಲ ಸಿಗುವಂತೆ ಮಾಡಿತು. ಮುಂದೆ 2014ರಲ್ಲಿ ಡೆನ್ಮಾರ್ಕ್ ಮುಂದಾಳತ್ವದಲ್ಲೇ ಈ ಬಗೆಯ ಬಾಂಬುಗಳನ್ನು ಜಂಟಿಯಾಗಿ ಕೊಳ್ಳುವ ಯೋಜನೆ ನ್ಯಾಟೊದಲ್ಲಿ ಶುರುವಾಯಿತು. ಪೆಟ್ಟು ತಿಂದವನೇ ಮುಂದೆ ಬಂದದ್ದು.

ಇದೆಲ್ಲ ಹೊರಗಿನವರ ಕತೆ, ನಮಗೇಕೆ ಎಂದು ಕೇಳಿದವರಿಗೆ ಕಾರ್ಗಿಲ್ ತೋರಿಸಿದೆ. 1999ರ ಮೇ ಕೊನೆಯಲ್ಲಿ ಎರಡೇ ದಿನಗಳಲ್ಲಿ ಒಂದು ಮಿಗ್-27, ಒಂದು ಮಿಗ್-21, ಒಂದು ಎಂಐ-17 ಹೆಲಿಕಾಪ್ಟರ್ ಕಳೆದುಕೊಂಡ ಮೇಲೆ ನಮ್ಮವರು ಎತ್ತರದಿಂದ ನಿಖರವಾಗಿ ಹೊಡೆಯುವ ದಾರಿ ಹುಡುಕಿದರು. ಜೂನ್ 24ರಂದು ಟೈಗರ್ ಹಿಲ್ ಮೇಲಿನ ಬಂಕರಿಗೆ ಬಡಿದ ಆ ಲೇಸರ್ ಬಾಂಬಿನ ಜಾತಕ ನೋಡಿ: ಫ್ರಾನ್ಸಿನ ಮಿರಾಜ್ ವಿಮಾನ, ಇಸ್ರೇಲಿನ ಲೈಟ್ನಿಂಗ್ ಪಾಡ್, ಅಮೆರಿಕ ಮೂಲದ ಪೇವ್‌ವೇ ಕಿಟ್. ಹಿಂದಿನ ವರ್ಷದ ಪೋಖ್ರಾನ್ ಪರೀಕ್ಷೆಗಾಗಿ ಅಮೆರಿಕ ನಮ್ಮ ಮೇಲೆ ನಿರ್ಬಂಧ ಹೇರಿದ್ದ ಕಾಲ ಅದು. ಬೇರೆ ಬೇರೆ ಮನೆಯ ಹೆಣ್ಣುಗಂಡು ಹೊಂದಿಸಿ ಮದುವೆ ಮಾಡಿದ್ದು ನಮ್ಮ ಎಂಜಿನಿಯರುಗಳು ಮತ್ತು ನೆಲದ ಸಿಬ್ಬಂದಿ. ನಾನು ಆ ಸ್ಕ್ವಾಡ್ರನ್‌ನಲ್ಲಿ ಇರಲಿಲ್ಲ. ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ.

ನಮ್ಮ ವಾಯುಪಡೆಯೇ ಒಂದು ಪುಟ್ಟ ಮಿತ್ರಕೂಟ. ರಷ್ಯದ ಸುಖೋಯ್, ಫ್ರಾನ್ಸಿನ ಮಿರಾಜ್ ಮತ್ತು ರಫೇಲ್, ಬ್ರಿಟಿಷ್–ಫ್ರೆಂಚ್ ಜಾಗ್ವಾರ್, ನಮ್ಮದೇ ತೇಜಸ್. 2019ರಲ್ಲಿ ಬಾಲಾಕೋಟ್ ಮೇಲೆ ಹಾಕಿದ್ದು ಇಸ್ರೇಲಿನ ಸ್ಪೈಸ್ ಬಾಂಬ್, ರಫೇಲಿಗೆ ಬಂದದ್ದು ಫ್ರಾನ್ಸಿನ ಹ್ಯಾಮರ್. ಬೆಂಗಳೂರಿನಲ್ಲೇ ರೂಪುಗೊಂಡ ಸುದರ್ಶನ್ ಲೇಸರ್ ಕಿಟ್ ಕೂಡ ಉಂಟು. ಐದು ಹೊಳೆಗಳ ಪಾಡು ನಮ್ಮ ಒಂದೇ ಗೋದಾಮಿನೊಳಗೂ ಇರುತ್ತದೆ.

ಎರಡನೆಯ ಬಾರಿ ಆದದ್ದು

ಆಗಸ್ಟ್‌ನಲ್ಲಿ ಮತ್ತೆ ಬೀಜ ಹಂಚಿದೆವು. ಈ ಬಾರಿ ಯಾರೂ ಮೂಲೆಗೆ ಹೋಗಲಿಲ್ಲ. ಐದೂ ತಂಡಗಳು ಒಂದೇ ಜಮಖಾನದ ಮೇಲೆ ಕುಳಿತವು. ಒಂದು ಗಂಟೆ ಜಗಳವಾಡಿ ನಾಲ್ಕು ದೇಶಗಳು ಒಪ್ಪಿದ್ದು ಇಷ್ಟು: ಎಲ್ಲರೂ ಉಪಗ್ರಹ ಕಿಟ್ಟನ್ನೇ ಕೊಳ್ಳುವುದು, ಅನುಮತಿಯ ಖರ್ಚನ್ನು ಹಂಚಿಕೊಳ್ಳುವುದು, ಪಯಸ್ವಿನಿಯ ಹಳೆಯ ವಿಮಾನಕ್ಕೆ ತಂತಿ ಎಳೆಯಲು ಎಲ್ಲರೂ ಬೀಜ ಹಾಕುವುದು, ಕಿಟ್‌ಗಳನ್ನು ಒಂದು ಜಂಟಿ ಗೋದಾಮಿನಲ್ಲಿಡುವುದು, ಗುರಿಗಳ ನಿರ್ದೇಶಾಂಕದ ಪಟ್ಟಿ ಒಂದೇ ಇರುವುದು. ಲಕ್ಷ್ಮಣತೀರ್ಥ ಹೊಸ ವಿಮಾನದ ಆಸೆ ಬಿಟ್ಟಿತು. ಬರಪೊಳೆ ಮಾತ್ರ ಒಪ್ಪಲಿಲ್ಲ. ನಾವು ನಮ್ಮ ಚಿತ್ರ ಹೋಲಿಸುವ ಬಾಂಬನ್ನೇ ಕೊಳ್ಳುತ್ತೇವೆ ಎಂದರು. ಉಳಿದವರು ಅವರನ್ನು ಹೀಗಳೆದರು. ಹಠಮಾರಿಗಳು ಎಂದರು, ಒಬ್ಬ ದ್ರೋಹಿ ಎಂದೂ ಅಂದ. ಅದಕ್ಕೆ ಉಪನ್ಯಾಸಕರು ಗದರಿದರು.

ಮೊದಲ ಎರಡು ಸುತ್ತು ಎಂಟಕ್ಕೆ ಎಂಟು. ನಾನು ಮೋಡ ಹಾಕಿದರೂ ಲೆಕ್ಕಕ್ಕೆ ಬರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಆಡುತ್ತಿದ್ದರು.

ಮೂರನೆಯ ಸುತ್ತಿನಲ್ಲಿ ಶತ್ರು ಉಪಗ್ರಹ ಸಂಕೇತವನ್ನು ಕೆಡಿಸುತ್ತಿದ್ದಾನೆ ಎಂದು ಘೋಷಿಸಿದೆ. ಉಕ್ರೇನಿನಲ್ಲಿ ರಷ್ಯ ಇದನ್ನು ಮಾಡಿದಾಗ ಪಾಶ್ಚಾತ್ಯರ ಉಪಗ್ರಹ ಆಧಾರಿತ ಶಸ್ತ್ರಗಳ ನಿಖರತೆ ಕುಸಿದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಥ ಬಾಂಬಿನೊಳಗೆ ಚಲನೆಯನ್ನು ಅಳೆಯುವ ಇನ್ನೊಂದು ಯಂತ್ರವೂ ಇರುತ್ತದೆ, ಹಾಗಾಗಿ ಅದು ಪೂರ್ತಿ ಕುರುಡಾಗುವುದಿಲ್ಲ. ಆದರೆ ಕೆಲವೇ ಮೀಟರ್‌ಗಳ ನಿಖರತೆ ಹತ್ತಾರು ಮೀಟರ್‌ಗೆ ಜಾರುತ್ತದೆ. ಊರಿನ ಮಗ್ಗುಲಿನ ಗುರಿಗೆ ಅದು ಸಾಲದು. ನಾಲ್ಕು ದೇಶಗಳ ಪಡೆ ಒಂದೇ ಏಟಿಗೆ ಒಂದೇ ರೀತಿ ಕುಂಟಾಯಿತು. ಹಿಂದಿನ ಬಾರಿ ಐದು ಬಗೆಯ ಕಷ್ಟವಿತ್ತು, ಈಗ ಎಲ್ಲರಿಗೂ ಒಂದೇ ಕಷ್ಟ. ಕೆಲಸಕ್ಕೆ ಬಂದದ್ದು ಕ್ಯಾಮೆರಾದಿಂದ ಗುರಿ ಹುಡುಕುವ ಬರಪೊಳೆಯ ಆರು ಬಾಂಬ್. ದ್ರೋಹಿ ಎಂದಿದ್ದ ಹುಡುಗ ಅವರ ಬಳಿಗೆ ಹೋಗಿ ಕೇಳಬೇಕಾಯಿತು. ಅವರು ಕೊಟ್ಟರು, ಸ್ವಲ್ಪ ಕಾಯಿಸಿ.

ಐದನೆಯ ಸುತ್ತಿನಲ್ಲಿ ಇನ್ನೊಂದು ಕಾದಿತ್ತು. ಜಂಟಿ ಪಟ್ಟಿಯಲ್ಲಿ ನಾನು ಹಳೆಯ ವಿಳಾಸವೊಂದನ್ನು ಸೇರಿಸಿದ್ದೆ. ಗೋದಾಮು ಎಂದಿದ್ದದ್ದು ಈಗ ಆಸ್ಪತ್ರೆ. ಹೊಸ ನಕ್ಷೆ ಮೇಜಿನ ಮೇಲೇ ಬಿಚ್ಚಿಟ್ಟಿತ್ತು. ನಾಲ್ಕು ದೇಶಗಳಲ್ಲಿ ಯಾರೂ ಪಟ್ಟಿಯನ್ನು ನಕ್ಷೆಯೊಂದಿಗೆ ತಾಳೆ ನೋಡಲಿಲ್ಲ. ಪಕ್ಕದವರು ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ಭಾವಿಸಿದ್ದರು. ಬಾಂಬ್ ಕರಾರುವಾಕ್ಕಾಗಿ ಆಸ್ಪತ್ರೆಗೇ ಬಿತ್ತು. 1999ರ ಮೇ 7ರಂದು ಬೆಲ್‌ಗ್ರೇಡ್‌ನಲ್ಲಿ ಚೀನಾದ ರಾಯಭಾರ ಕಚೇರಿಗೆ ಬಿದ್ದ ಐದು ಜೆಡ್ಯಾಮ್‌ಗಳೂ ಗುರಿ ತಪ್ಪಿರಲಿಲ್ಲ. ಕೊಟ್ಟ ವಿಳಾಸಕ್ಕೇ ಹೋಗಿದ್ದವು. ಮೂವರು ಚೀನೀ ಪತ್ರಕರ್ತರು ಸತ್ತರು. ಇದನ್ನು ಹೇಳಿದಾಗ ಜಗಲಿಯಲ್ಲಿ ಹೆಂಚಿನಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಇಪ್ಪತ್ತನಾಲ್ಕಕ್ಕೆ ಹದಿನಾರು ಗುರಿ. ಮೊದಲ ಬಾರಿಗಿಂತ ಎರಡು ಹೆಚ್ಚು, ಮತ್ತು ಒಂದು ಆಸ್ಪತ್ರೆ.

ಕಲಿತದ್ದು

ನನ್ನ ತಪ್ಪನ್ನು ಮೊದಲು ಹೇಳುತ್ತೇನೆ. ಅನುಮತಿಗೆ ಬೀಜದ ಬೆಲೆ ಇಟ್ಟೆ, ಕಾಲದ ಬೆಲೆ ಇಡಲಿಲ್ಲ. ನಿಜದಲ್ಲಿ ಒಂದು ಬಾಂಬನ್ನು ಒಂದು ವಿಮಾನಕ್ಕೆ ಹೊಂದಿಸುವುದು ತಿಂಗಳುಗಳ, ಎಷ್ಟೋ ಸಲ ವರ್ಷಗಳ ಕೆಲಸ. ಗಾಳಿಸುರಂಗ, ಬೀಳಿಸುವ ಪರೀಕ್ಷೆ, ಸಾಫ್ಟ್‌ವೇರ್, ಮಾರಿದ ದೇಶದ ಒಪ್ಪಿಗೆ. ಮಕ್ಕಳು ಹತ್ತು ಬೀಜ ಎಸೆದು ಅದೇ ನಿಮಿಷ ಹಾರಿದರು. ಮುಂದಿನ ಬಾರಿ ಅನುಮತಿ ಕೇಳಿದ ತಂಡ ಎರಡು ಸುತ್ತು ಕಾಯಬೇಕು.

ಎಲ್ಲರೂ ಒಂದೇ ಕೊಳ್ಳಿ ಎಂದು ಹೇಳಿಕೊಡಲು ನಾನು ಹೊರಟಿದ್ದೆ. ಬರಪೊಳೆಯ ಮೂವರು ಅದನ್ನು ಒಪ್ಪದೆ ನನ್ನನ್ನೇ ತಿದ್ದಿದರು. ಮೊದಲ ಬಾರಿ ತಂಡಗಳು ಬೇರೆ ಬೇರೆ ಕೊಂಡದ್ದು ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದೆ. ಎರಡನೆಯ ಬಾರಿ ಬರಪೊಳೆ ಬೇರೆ ಕೊಂಡದ್ದು ಎಲ್ಲರಿಗೂ ಗೊತ್ತಿತ್ತು, ಅವರ ಬಳಿ ಎಷ್ಟಿದೆ ಎಂಬುದೂ ಗೊತ್ತಿತ್ತು. ಆ ಗೊತ್ತಿರುವಿಕೆಯೇ ಮೂರನೆಯ ಸುತ್ತನ್ನು ಉಳಿಸಿತು. ಕೋಡ್ ಸಂಖ್ಯೆಯ ವಿಷಯವೂ ಅಷ್ಟೇ. ಅಲ್ಲಿ ಖರೀದಿಯ ದೋಷವೇನೂ ಇರಲಿಲ್ಲ. ವಿಮಾನ, ಬಾಂಬ್, ಪಾಡ್ ಎಲ್ಲ ಸರಿಯಿತ್ತು. ಒಬ್ಬರು ಇನ್ನೊಬ್ಬರಿಗೆ ಸಂಖ್ಯೆಯೊಂದನ್ನು ಹೇಳಿರಲಿಲ್ಲ. ಪಟ್ಟಿಯ ವಿಷಯ ಇದಕ್ಕೆ ತದ್ವಿರುದ್ಧ: ಎಲ್ಲರೂ ಹಂಚಿಕೊಂಡರು, ಯಾರೂ ಓದಲಿಲ್ಲ.

ಕೊನೆಯ ಶನಿವಾರ ಒಂದೇ ಪ್ರಶ್ನೆ ಉಳಿದಿತ್ತು, ಜಂಟಿ ಗೋದಾಮಿನ ಕೀಲಿ ಯಾರ ಬಳಿ ಇರಬೇಕು ಎಂಬುದು. ಹೆಚ್ಚು ಬೀಜ ಹಾಕಿದವರು ನಾವು ಎಂದಿತು ಕಾವೇರಿ. ಹಾಗಾದರೆ ನೀವು ಒಪ್ಪದ ಯುದ್ಧಕ್ಕೆ ನಮಗೆ ಬಾಂಬ್ ಸಿಗುವುದಿಲ್ಲ ಎಂದಿತು ಹಾರಂಗಿ. ಪಯಸ್ವಿನಿಯ ನಾಯಕಿ ಐದು ಕೀಲಿ ಇರುವ ಬೀಗ ಸಿಗುತ್ತದೆಯೇ ಎಂದು ಕೇಳಿದಳು. ಮತ ಹಾಕಿದರು: ಕಾವೇರಿಯ ಪರ ಎರಡು, ವಿರುದ್ಧ ಎರಡು, ಬರಪೊಳೆ ಯಾರಿಗೂ ಹಾಕಲಿಲ್ಲ. ಕತ್ತಲಾಗುತ್ತಿತ್ತು. ಮುಂದಿನ ವಾರ ಕೈಲ್ ಮುಹೂರ್ತ, ಮನೆಗಳಲ್ಲಿ ಕೋವಿ ಒರೆಸಿ ಎಣ್ಣೆ ಹಚ್ಚಿ ಪೂಜೆಗಿಡುವ ಕೆಲಸವಿತ್ತು, ತರಗತಿ ಇಲ್ಲ ಎಂದು ಉಪನ್ಯಾಸಕರು ಹೇಳಿದರು. ಐದು ಡಬ್ಬಿಗಳ ಬೀಜವೂ ಅಷ್ಟರಲ್ಲಿ ಕಲೆತುಹೋಗಿತ್ತು. ಯಾರದು ಯಾವುದೆಂದು ಆರಿಸುತ್ತ ಇಬ್ಬರು ಜಮಖಾನದ ಮೇಲೆ ಇನ್ನೂ ಕುಳಿತೇ ಇದ್ದರು.